ಕರೆಂಟ್ ಬಂದರೆ ಫೋನು ಗೂಡಿಗೆ

ಹೋದ ವಾರ ಅತ್ತೆ ಫೋನ್ ಮಾಡಿ, "ಅವರೆಕಾಯಿ ತರ್ಸಿದೀನಿ, ಬಂದು ತಗೊಂಡೋಗು. ಇನ್ನೆಷ್ಟು ದಿನ ಅಂತ ಮುಖ ತಪ್ಪಿಸ್ಕೊಂಡು ಓಡಾಡ್ತೀಯ?" ಎಂದರು. ನೆಲಮಂಗಲದಿಂದ ದೊಡ್ಡಬಳ್ಳಾಪುರಕ್ಕೆ ಬಸ್ಸಿನಲ್ಲಿ ಒಂದು ಗಂಟೆ, ಹೆಚ್ಚೆಂದರೆ ಒಂದೂವರೆ. ಆ ದಾರಿ ಸವೆಸಲು ನನಗೆ ಮೂರು ವರ್ಷ ಬೇಕಾಯಿತು.

ಬಸ್ಸಿಳಿದು ನಮ್ಮ ಹಳೆಯ ಬೀದಿಗೆ ತಿರುಗಿದರೆ ಬೀದಿಗೆ ಬೀದಿಯೇ ಸುಮ್ಮನಿತ್ತು. "ಟ್ರಾನ್ಸ್‌ಫಾರ್ಮರ್ ಡಮಾರ್ ಅಂತು ಕಣಕ್ಕಾ, ಈಗ ಅರ್ಧ ಗಂಟೆ ಆಯ್ತು," ಎಂದ ಮೂಲೆಯ ಅಂಗಡಿಯವನು. ಎರಡೂ ಕಡೆಯ ಮನೆಗಳಲ್ಲಿ ಮಗ್ಗಗಳು ನಿಂತಿದ್ದವು. ತೆರೆದ ಬಾಗಿಲುಗಳಿಂದ ಬಿಸಿ ಗ್ರೀಸಿನ ವಾಸನೆ, ನೂಲಿನ ಧೂಳಿನ ವಾಸನೆ ಬರುತ್ತಿತ್ತು. ಓಡಿ ಓಡಿ ಕಾದ ಮಗ್ಗ ಥಟ್ಟನೆ ನಿಂತಾಗ ಮಾತ್ರ ಬರುವ ವಾಸನೆ ಅದು. ಮೂಗಿಗೆ ಬಡಿದದ್ದೇ ತಡ, ನನ್ನ ಕೈ ತಾನಾಗಿಯೇ ಬ್ಯಾಗಿಗೆ ಹೋಗಿ ಫೋನ್ ಹುಡುಕಿತು. ಆಮೇಲೆ ನಾಚಿಕೆಯಾಗಿ ಜಿಪ್ ಎಳೆದೆ.

ನಾನು ಸಾಸಲು ಎಂಬ ಹಳ್ಳಿಯ ಹೊಲದ ಮನೆಯವಳು. ಮದುವೆಯಾಗಿ ಈ ಬೀದಿಗೆ ಬಂದ ಹೊಸದರಲ್ಲಿ ಮೂರು ದಿನ ತಲೆನೋವೆಂದು ಮಲಗಿಬಿಟ್ಟಿದ್ದೆ. ನಾಲ್ಕು ಪವರ್‌ಲೂಮ್ ಒಟ್ಟಿಗೆ ಓಡುವ ಶೆಡ್ಡಿನಲ್ಲಿ ಪಕ್ಕದವರು ಕಿರುಚಿದರೂ ಕೇಳುವುದಿಲ್ಲ. ಅದಕ್ಕೇ ಇಲ್ಲಿ ಎಲ್ಲಕ್ಕೂ ಕೈಸನ್ನೆ. ಅಂಗೈ ತಿರುವಿದರೆ ಕಂಡಿಕೆ ಖಾಲಿ, ಅಂದರೆ ಲಾಳಿಯೊಳಗಿನ ನೂಲಿನ ಸುರುಳಿ ಮುಗಿದಿದೆ, ಬೇರೆ ಕೊಡು ಎಂದು. ಮುಷ್ಟಿ ಎತ್ತಿದರೆ ನಿಲ್ಲಿಸು ಎಂದು. ಎರಡು ಬೆರಳು ತುಟಿಗಿಟ್ಟರೆ ಟೀ. ಬಸ್ಸಿನಲ್ಲಿ ಯಾರಾದರೂ ಊರಿಗೆಲ್ಲ ಕೇಳುವ ಹಾಗೆ ಸಂಸಾರದ ಗುಟ್ಟು ಮಾತಾಡುತ್ತಿದ್ದರೆ ದೊಡ್ಡಬಳ್ಳಾಪುರದ ಮಗ್ಗದವರು ಎಂದು ತಿಳಿಯಬಹುದು. ನನ್ನ ಗಂಟಲೂ ಎರಡೇ ವರ್ಷದಲ್ಲಿ ಹಾಗಾಯಿತು. ನಮ್ಮಮ್ಮ ಫೋನನ್ನು ಕಿವಿಯಿಂದ ಒಂದು ಮೊಳ ದೂರ ಹಿಡಿದು ನನ್ನ ಜೊತೆ ಮಾತಾಡುತ್ತಿದ್ದಳು.

ನನಗೆ ಆ ಕೈಸನ್ನೆಗಳನ್ನು ಕಲಿಸಿದವರು ಭಾವ ನಾಗರಾಜ, ನನ್ನ ಗಂಡ ರವಿಯ ಅಣ್ಣ. ಹದಿನಾಲ್ಕನೇ ವಯಸ್ಸಿಗೆ ಮಗ್ಗದ ಮುಂದೆ ನಿಂತವರು, ನಾನು ಹೇಳುತ್ತಿರುವ ವರ್ಷ ಅವರಿಗೆ ನಲವತ್ತೆಂಟು. ಮದುವೆ ಮಾಡಿಕೊಳ್ಳಲಿಲ್ಲ. ಮಾತು ಬಹಳ ಕಮ್ಮಿ. ಕಡಿದ ಎಳೆಯನ್ನು ಗಂಟು ಕಾಣದ ಹಾಗೆ ಕಟ್ಟುವುದು ನನಗೆ ಬರುತ್ತಲೇ ಇರಲಿಲ್ಲ. ಹತ್ತು ಸಲ ಕೆಡಿಸಿದರೆ ಹನ್ನೊಂದನೇ ಸಲ ತಾವೇ ನಿಧಾನವಾಗಿ ಕಟ್ಟಿ ತೋರಿಸಿ, "ಹಿಂಗೆ ಕಣಮ್ಮಾ, ಅವಸರ ಇಲ್ಲ," ಎನ್ನುತ್ತಿದ್ದರು. ಒಂದು ದಿನ ಬೈದವರಲ್ಲ. ಇದನ್ನು ಮೊದಲೇ ಹೇಳಿಬಿಡುತ್ತೇನೆ. ಮುಂದೆ ನಾನು ಮಾಡಿದ್ದನ್ನು ಕೇಳುವಾಗ ನಿಮಗೆ ನೆನಪಿರಲಿ.

ಮೂರು ವರ್ಷದ ಹಿಂದಿನ ಆ ಬೇಸಿಗೆಯಲ್ಲಿ ದಿನಾ ಮಧ್ಯಾಹ್ನ ಕರೆಂಟ್ ಹೋಗುತ್ತಿತ್ತು. ಒಮ್ಮೊಮ್ಮೆ ಒಂದು ಗಂಟೆ, ಒಮ್ಮೊಮ್ಮೆ ಮೂರು. ಯಾವಾಗ ಬರುತ್ತದೋ ದೇವರಿಗೇ ಗೊತ್ತು, ಆದ್ದರಿಂದ ಶೆಡ್ಡು ಬಿಟ್ಟು ಹೋಗುವ ಹಾಗಿಲ್ಲ. ತಗಡಿನ ಮಾಡಿನ ಕೆಳಗೆ ಬೆಂದುಕೊಂಡು ಕೂರುತ್ತಿದ್ದೆವು. ಅಂಥ ಒಂದು ಮಧ್ಯಾಹ್ನ ಗೌರಿ ತನ್ನ ಫೋನ್ ತೆಗೆದು ನಮಗೆ ಆ ಆಟ ಹಚ್ಚಿದಳು. ಗೌರಿ ಮೂರು ಮನೆ ಆಚೆಯವಳು, ಅಚ್ಚು ಕೆಚ್ಚುವುದಕ್ಕೆ ಬರುತ್ತಿದ್ದಳು. ಮುಗಿದ ಹಾಸಿನ, ಅಂದರೆ ಮಗ್ಗದಲ್ಲಿ ಉದ್ದಕ್ಕೆ ಎಳೆದು ಕಟ್ಟಿದ ನೂಲಿನ, ಒಂದೊಂದು ಎಳೆಗೂ ಹೊಸ ಹಾಸಿನ ಒಂದೊಂದು ಎಳೆಯನ್ನು ಬೆರಳಲ್ಲಿ ಹೊಸೆದು ಸೇರಿಸುವ ಕೆಲಸ, ಸಾವಿರಾರು ಎಳೆ. ಅಂಥ ಬೆರಳಿಗೆ ಫೋನಿನ ಆಟ ಯಾವ ಲೆಕ್ಕ?

ಆಟ ಇಷ್ಟೇ. ನೂರು ಜನ ವಿಮಾನದಿಂದ ಒಂದು ದ್ವೀಪಕ್ಕೆ ಹಾರುತ್ತಾರೆ. ಮನೆ ಮನೆ ಹೊಕ್ಕು ಬಂದೂಕು ಹುಡುಕುತ್ತಾರೆ, ಒಬ್ಬರನ್ನೊಬ್ಬರು ಹೊಡೆಯುತ್ತಾರೆ. ನಾಲ್ಕು ನಾಲ್ಕು ಜನರ ತಂಡ. ಕೊನೆಗೆ ಉಳಿದ ತಂಡ ಗೆದ್ದ ಹಾಗೆ. ಗೌರಿ, ರವಿ, ನಾನು ಸೇರಿ ಮೂರಾಯಿತು. ನಾಲ್ಕನೆಯವರಿಗೆ ಹುಡುಕುತ್ತಿದ್ದಾಗ ಮಗ್ಗದ ಪಕ್ಕ ಕೂತಿದ್ದ ಭಾವ, "ನಾನೂ ಬರ್ಲಾ?" ಎಂದರು. ನಾವು ಮೂವರೂ ಬಾಯಿ ತೆರೆದುಕೊಂಡು ಅವರನ್ನೇ ನೋಡಿದೆವು.

ಅವರಂಥ ಕೆಟ್ಟ ಆಟಗಾರ ಆ ದ್ವೀಪದಲ್ಲೇ ಇರಲಿಲ್ಲ. ಹಾರುವಾಗ ಪ್ಯಾರಾಚೂಟಿನ ಬಟ್ಟೆ ನೋಡುತ್ತಾ, "ಇದು ಒಳ್ಳೆ ನೇಯ್ಗೆ ಕಣ್ರೋ, ಎಳೆ ಎಷ್ಟು ಒತ್ತಾಗೈತೆ ನೋಡಿ," ಎನ್ನುತ್ತಾ ನೀರಿಗೆ ಬೀಳುತ್ತಿದ್ದರು. ಯಾರನ್ನಾದರೂ ನಾವು ಹೊಡೆದಾಗ ಎಲ್ಲರೂ ಗುಂಡು, ಔಷಧಿ ಬಾಚಿಕೊಳ್ಳಲು ಓಡಿದರೆ ಇವರು ಸತ್ತವನ ಅಂಗಿ ತೆಗೆದು, ಬಯಲಿನ ಮಧ್ಯೆ ನಿಂತು ಅದರ ಬುಟ್ಟಾ ನೋಡುತ್ತಿದ್ದರು. ಅಲ್ಲೇ ಯಾರೋ ಬಂದು ಇವರನ್ನು ಹೊಡೆಯುತ್ತಿದ್ದರು. "ಹೋಗ್ಲಿ ಬಿಡಮ್ಮಾ, ಡಿಸೈನ್ ಸಿಕ್ತು," ಎಂದು ನಗುತ್ತಿದ್ದರು. ನಿಜವಾಗಿಯೂ ಅಂಥದೊಂದು ಅಂಗಿಯ ಬಳ್ಳಿಯನ್ನು ಗ್ರಾಫಿನ ಹಾಳೆಗೆ ಇಳಿಸಿ ಸೀರೆಯ ಅಂಚಿಗೆ ತಂದರು. ಸೀರೆ ವ್ಯಾಪಾರಿ ಚೆನ್ನಾಗಿದೆ ಎಂದು ಇನ್ನಷ್ಟು ಕೇಳಿದಾಗ ನಾವು ನಾಲ್ವರೂ ಒಬ್ಬರ ಮುಖ ಒಬ್ಬರು ನೋಡಿ ನಗು ತಡೆದುಕೊಂಡೆವು.

ನಾಲ್ಕೂ ಜನ ಒಂದೇ ಚಾಪೆಯ ಮೇಲೆ ಕೂತು ಆಡುತ್ತಿದ್ದುದರಿಂದ ಮಗ್ಗದ ಸನ್ನೆಗಳೇ ಆಟಕ್ಕೂ ಬಂದವು. ಮುಷ್ಟಿ ಎತ್ತಿದರೆ ಯಾರೋ ಇದ್ದಾರೆ, ನಿಲ್ಲು. ಅಂಗೈ ತಿರುವಿದರೆ ಗುಂಡು ಖಾಲಿ. ಭಾವ ಮೊದಲು ಸತ್ತು, ಆಮೇಲೆ ನಮ್ಮ ಮೂವರ ಪರದೆಗಳನ್ನೂ ಬಗ್ಗಿ ಬಗ್ಗಿ ನೋಡುತ್ತಾ ಕೈಯಲ್ಲೇ ದಾರಿ ತೋರಿಸುತ್ತಿದ್ದರು. ಸತ್ತ ಮೇಲೇ ಅವರಿಂದ ತಂಡಕ್ಕೆ ಉಪಯೋಗ ಎಂದು ರವಿ ರೇಗಿಸುತ್ತಿದ್ದ.

ಇದೆಲ್ಲ ಹದ್ದುಬಸ್ತಿನಲ್ಲಿ ಇದ್ದದ್ದು ಅತ್ತೆಯ ಒಂದು ಕಾನೂನಿನಿಂದ. ಶೆಡ್ಡಿನ ಬಾಗಿಲಲ್ಲಿ ಕಾಲು ಚಾಚಿ ಕೂತು ಅವರು ಮೊದಲ ದಿನವೇ ಹೇಳಿದ್ದರು: "ಆಡ್ಕಳಿ, ಬ್ಯಾಡ ಅನ್ನಲ್ಲ. ಕರೆಂಟ್ ಬಂದ್ರೆ ಫೋನು ಗೂಡಿಗೆ." ದೇವರ ಪಟದ ಪಕ್ಕ ಗೋಡೆಯಲ್ಲಿ ಒಂದು ಗೂಡಿತ್ತು. ಬಲ್ಬು ಮಿಣುಕ್ ಎಂದರೆ ಸಾಕು, ಗೆಲ್ಲುತ್ತಿರಲಿ, ಸಾಯುತ್ತಿರಲಿ, ನಾಲ್ಕೂ ಫೋನು ಗೂಡು ಸೇರಬೇಕು. ನಮ್ಮ ಗೊಂಬೆಗಳು ಆ ದ್ವೀಪದಲ್ಲಿ ಬಾಯಿ ಬಿಟ್ಟುಕೊಂಡು ನಿಂತು ಯಾರ ಕೈಯಲ್ಲೋ ಸಾಯುತ್ತಿದ್ದವು. ಸಿಟ್ಟು, ಜಗಳ ಏನೇ ಇದ್ದರೂ ಮಗ್ಗದ ಸದ್ದಿನಲ್ಲಿ ಮುಳುಗಿಹೋಗುತ್ತಿತ್ತು. ಆಗ ನನಗೆ ಅದು ಮುದುಕಿಯ ಕಾಟ ಎನಿಸುತ್ತಿತ್ತು. ನಮ್ಮ ಮನೆಯಲ್ಲಿ ಭಾವ ಬಾಯಿ ಬಿಟ್ಟು ನಕ್ಕ ಬೇಸಿಗೆ ಅದೊಂದೇ, ಅದನ್ನು ಕಾಪಾಡಿದ್ದು ಆ ಗೂಡು. ಇದು ನನಗೆ ತಿಳಿಯುವಷ್ಟರಲ್ಲಿ ಎಲ್ಲ ಮುಗಿದಿತ್ತು.

ನನ್ನ ಬಗ್ಗೆ ಹೇಳಬೇಕು. ನಾನು ಚೆನ್ನಾಗಿ ಆಡುತ್ತಿದ್ದೆ. ಸುಳ್ಳು ವಿನಯ ಯಾಕೆ, ನಾಲ್ವರಲ್ಲಿ ನಾನೇ ಮೇಲು. ಮನೆಯಲ್ಲಿ ಕಂಡಿಕೆ ಸುತ್ತುವ, ಸೊಪ್ಪು ಬಿಡಿಸುವ, ಹಿರಿಯರೆದುರು ತಗ್ಗಿ ನಿಲ್ಲುವ ಹೆಂಗಸು ಅಲ್ಲಿ ಯಾರಿಗೂ ತಗ್ಗಬೇಕಿರಲಿಲ್ಲ. ಮೇ ತಿಂಗಳಲ್ಲಿ ನನ್ನ ಹೆಸರಿನ ಪಕ್ಕ, ಪಾಯಿಂಟು ಹೆಚ್ಚಿ ಮೇಲಿನ ದರ್ಜೆಗೆ ಹೋದವರಿಗೆ ಕೊಡುವ ವಜ್ರದ ಗುರುತು ಬಂತು. ಅಷ್ಟು ದಿನ ಪಾಯಿಂಟು ಅಂದರೆ ಏನೆಂದೇ ನೋಡದಿದ್ದವಳು ಆಮೇಲೆ ಬೆಳಗ್ಗೆ ಎದ್ದು ಮುಖ ತೊಳೆಯುವ ಮೊದಲು ಅದನ್ನೇ ನೋಡತೊಡಗಿದೆ. ತಂಡ ಬೇಗ ಸತ್ತರೆ ಪಾಯಿಂಟು ಇಳಿಯುತ್ತಿತ್ತು. ತಂಡದಲ್ಲಿ ಬೇಗ ಸಾಯುವವರು ಯಾರು?

ಅದೇ ಹೊತ್ತಿಗೆ ಊರಿನಲ್ಲಿ ಯಾರೋ ಹುಡುಗರು ಸೇರಿ ಒಂದು ಪಂದ್ಯ ಇಟ್ಟರು. ಜೂನ್ ತಿಂಗಳ ಒಂದು ಭಾನುವಾರ, ಒಂದು ಕಲ್ಯಾಣ ಮಂಟಪದಲ್ಲಿ. ಗೆದ್ದವರಿಗೆ ಕಪ್ಪು, ಮತ್ತೆ ಬಸ್ ಸ್ಟ್ಯಾಂಡಿನ ಮುಂದೆ ಫೋಟೋ ಹಾಕಿದ ಫ್ಲೆಕ್ಸು. ಆ ಸರ್ಕಲ್ಲಿನಲ್ಲಿ ಪುಢಾರಿಗಳ ಹುಟ್ಟುಹಬ್ಬದ ಫ್ಲೆಕ್ಸುಗಳನ್ನು ದಾಟಿಕೊಂಡೇ ಹದಿಮೂರು ವರ್ಷ ತರಕಾರಿ ತಂದವಳು ನಾನು. ನನ್ನ ಮುಖ ಅಲ್ಲಿ ಬರಬೇಕು ಎಂದು ಆಸೆಪಟ್ಟೆ. ಆಸೆಪಟ್ಟಿದ್ದು ತಪ್ಪು ಎಂದು ಈಗಲೂ ಹೇಳುವುದಿಲ್ಲ.

ಪಂದ್ಯದ ನಿಯಮ ಎಂದರೆ ತಂಡದ ನಾಲ್ವರೂ ಬೇರೆ ಬೇರೆ ಮೇಜಿನಲ್ಲಿ ಕೂರಬೇಕು, ಇಯರ್‌ಫೋನ್ ಹಾಕಿಕೊಂಡು ಅದರಲ್ಲೇ ಮಾತಾಡಬೇಕು. ಒಬ್ಬರ ಫೋನು ಒಬ್ಬರು ನೋಡುವ ಹಾಗಿಲ್ಲ, ಸನ್ನೆ ಮಾಡುವ ಹಾಗಿಲ್ಲ. ನಾನು ಮಾರನೇ ದಿನವೇ ಚಾಪೆ ಸುತ್ತಿಟ್ಟೆ. ರವಿ ಮಹಡಿಗೆ, ಗೌರಿ ಅವಳ ಮನೆಗೆ, ನಾನು ಅಡುಗೆಮನೆಗೆ, ಭಾವ ಶೆಡ್ಡಿನ ಮೂಲೆಗೆ. ಎಲ್ಲರ ಕಿವಿಗೂ ಇಯರ್‌ಫೋನು. ಮಳೆ ಹಿಡಿಯುತ್ತಿದ್ದ ಹಾಗೆ ಕರೆಂಟು ಸರಿಹೋಯಿತು, ಮಧ್ಯಾಹ್ನದ ಬಿಡುವು ತಪ್ಪಿತು. ಅಲ್ಲಿಗೆ ಆಟ ನಿಲ್ಲಬೇಕಿತ್ತು. ಸಂಜೆ ಮಗ್ಗ ನಿಂತ ಮೇಲೆ ಎರಡು ಗಂಟೆ ಪ್ರಾಕ್ಟೀಸ್ ಎಂದು ನಾನೇ ಗೊತ್ತುಮಾಡಿದೆ. ಅತ್ತೆ, "ಹಾಡ್ತಾ ಹಾಡ್ತಾ ರಾಗ, ನರಳ್ತಾ ನರಳ್ತಾ ರೋಗ. ನೀನು ಯಾವ್ದು ಹಿಡ್ದಿದೀಯ ನೋಡ್ಕೋ," ಎಂದರು. ನಾನು ಬಾಗಿಲು ಹಾಕಿಕೊಂಡೆ.

ಆ ಆಟದಲ್ಲಿ ಕಣ್ಣಿಗಿಂತ ಕಿವಿ ಮುಖ್ಯ. ಗೋಡೆಯಾಚೆ ಹುಲ್ಲಿನ ಮೇಲೆ ಯಾರಾದರೂ ನಡೆದರೆ ಸರಸರ ಕೇಳುತ್ತದೆ, ಮರದ ಮೆಟ್ಟಿಲ ಮೇಲಾದರೆ ದಬದಬ. ಕೇಳಿ ತಿರುಗಿದವನು ಉಳಿಯುತ್ತಾನೆ. ಭಾವ ತಿರುಗುತ್ತಲೇ ಇರಲಿಲ್ಲ. ಚಾಪೆಯ ಮೇಲೆ ನಮ್ಮ ಮುಖ, ನಮ್ಮ ಕೈ ನೋಡಿಕೊಂಡು ಹೇಗೋ ನಡೆಯುತ್ತಿತ್ತು. ಮೂಲೆಯಲ್ಲಿ ಒಬ್ಬರೇ ಕೂತ ಮೇಲೆ ಹಿಂದಿನಿಂದ ಮೆರವಣಿಗೆ ಬಂದರೂ ಕಲ್ಲಿನ ಹಾಗೆ ನಿಂತಿರುತ್ತಿದ್ದರು.

ನನ್ನ ಬಾಯಿ ಹಾಳಾಗಿದ್ದು ಆಗ. ಮೊದಲ ವಾರ, "ಭಾವ, ಹಿಂದೆ ನೋಡಿ, ಹಿಂದೆ." ಎರಡನೇ ವಾರ, "ಏನ್ ಭಾವ ನೀವು, ಮಲಗ್ಬಿಟ್ರಾ?" ಮೂರನೇ ವಾರಕ್ಕೆ, "ಲೇ ಬೆದರುಬೊಂಬೆ, ತಿರುಗ್ಲಾ ಹಿಂದೆ!" ಹದಿಮೂರು ವರ್ಷ ತಲೆ ತಗ್ಗಿಸಿ ಮಾತಾಡಿದವರಿಗೆ ಲೇ ಎಂದೆ. ಆಟದಲ್ಲಿ ಎಲ್ಲ ನಡೆಯುತ್ತದೆ ಎಂದು ನನಗೆ ನಾನೇ ಹೇಳಿಕೊಂಡೆ. ಅಡುಗೆಮನೆಯಿಂದ ನಾನು ಕೂಗುವುದು ಇಯರ್‌ಫೋನ್ ಇಲ್ಲದೆಯೂ ಬೀದಿಗೆ ಕೇಳುತ್ತಿತ್ತು. ಬೀದಿಯ ಮಕ್ಕಳು ಭಾವನನ್ನು ಕಂಡರೆ, "ಬೆದರುಬೊಂಬೆ ಮಾಮ" ಎನ್ನತೊಡಗಿದರು. ಶೆಡ್ಡಿನ ಗೋಡೆಯಲ್ಲಿ, ಯಾವ ಮಗ್ಗಕ್ಕೆ ಏನು ರಿಪೇರಿ ಎಂದು ಬರೆಯುವ ಜಾಗದಲ್ಲಿ, ಆ ದಿನ ಮೊದಲು ಸತ್ತವರ ಹೆಸರನ್ನು ಸೀಮೆಸುಣ್ಣದಲ್ಲಿ ಬರೆಯತೊಡಗಿದೆ. ದಿನಾ ಒಂದೇ ಹೆಸರು. ಒಂದು ದಿನ ಬರೆಯಲು ಮರೆತಿದ್ದೆ. ಬೆಳಗ್ಗೆ ನೋಡಿದರೆ ಭಾವನೇ ತಮ್ಮ ಹೆಸರು ಬರೆದಿದ್ದರು, ದುಂಡಗೆ, ಮುತ್ತಿನಂಥ ಅಕ್ಷರದಲ್ಲಿ. ಅದನ್ನು ನೋಡಿಯೂ ನನಗೆ ಏನೂ ಅನ್ನಿಸಲಿಲ್ಲ.

ಅವರು ನಗುತ್ತಲೇ ಇದ್ದರು. ಆದರೆ ನಗು ಒಂದು ಕ್ಷಣ ತಡವಾಗಿ ಬರುತ್ತಿತ್ತು. ನಾವು ನಗುವುದನ್ನು ನೋಡಿ, ಆಮೇಲೆ.

ಒಂದು ದಿನ ಗೌರಿ ಕೆಚ್ಚುತ್ತಾ ಕೂತವಳು ತಲೆಯೆತ್ತದೆ, "ಅಕ್ಕಾ, ನಿಮ್ ಭಾವಂಗೆ ಕಿವಿ ಕೇಳ್ಸಲ್ಲ ಅನ್ಸುತ್ತೆ. ನಮ್ಮಪ್ಪಂಗೂ ಹಿಂಗೇ ಶುರುವಾಗಿದ್ದು," ಎಂದಳು.

"ಕೇಳ್ಸುತ್ತೆ. ಕೇಳಿಸ್ಕೊಳ್ಳಲ್ಲ ಅಷ್ಟೆ," ಎಂದೆ.

"ಒಂದ್ಸಲ ಕಿವಿ ಡಾಕ್ಟ್ರಿಗೆ ತೋರ್ಸಿ."

"ಪಂದ್ಯ ಆಗ್ಲಿ ತಡಿಯೇ."

ಗೌರಿ ಹಾಗೆಂದ ಮಾರನೇ ದಿನ ಬೆಳಗ್ಗೆ ಮಗ್ಗ ಇನ್ನೂ ಶುರುವಾಗಿರಲಿಲ್ಲ. ಭಾವ ನನಗೆ ಬೆನ್ನು ಮಾಡಿ ಹಾಸು ನೋಡುತ್ತಿದ್ದರು. ಕಂಡಿಕೆ ತುಂಬಿದ ತಗಡಿನ ಡಬ್ಬವನ್ನು ಅವರ ಹಿಂದೆ ನಾಲ್ಕು ಮಾರು ದೂರದಲ್ಲಿ ನಾನು ಬೇಕೆಂದೇ ಎತ್ತಿ ಕೆಳಗೆ ಹಾಕಿದೆ. ಸಿಮೆಂಟಿನ ನೆಲ. ಹೊರಗಿದ್ದ ಅತ್ತೆ, "ಏನೇ ಅದು, ಮನೆ ಬಿತ್ತಾ?" ಎಂದು ಕೂಗಿದರು. ಭಾವ ತಿರುಗಲಿಲ್ಲ. ಒಂದು ಎಳೆಯನ್ನು ಬೆಳಕಿಗೆ ಹಿಡಿದು ನೋಡುತ್ತಲೇ ಇದ್ದರು.

ಅಂದರೆ ನನಗೆ ಗೊತ್ತಿತ್ತು. ಗೊತ್ತಿಲ್ಲದೆ ಮಾಡಿದೆ ಎಂದು ರವಿಯ ಮುಂದೆ, ಅಮ್ಮನ ಮುಂದೆ ನೂರು ಸಲ ಹೇಳಿದ್ದೇನೆ. ಇಲ್ಲಿ ಹೇಳುವುದಿಲ್ಲ. ಗೊತ್ತಿತ್ತು. ಚೆಲ್ಲಿದ ಕಂಡಿಕೆಗಳನ್ನು ಆರಿಸಿ ಡಬ್ಬಕ್ಕೆ ತುಂಬುತ್ತಾ ಯೋಚಿಸಿದೆ: ಈಗ ಬಾಯಿ ಬಿಟ್ಟರೆ ಆಸ್ಪತ್ರೆ, ಓಡಾಟ, ತಂಡಕ್ಕೆ ನಾಲ್ಕನೆಯವರಿಲ್ಲ. ಪಂದ್ಯಕ್ಕೆ ಇನ್ನು ಹನ್ನೆರಡು ದಿನ. ಆ ಸಂಜೆ ಭಾವನ ಫೋನ್ ತೆಗೆದುಕೊಂಡು ಸೌಂಡನ್ನು ಪೂರ್ತಿ ಮೇಲಕ್ಕೆ ಎಳೆದು, ಇಯರ್‌ಫೋನನ್ನು ಅವರ ಕೈಗಿತ್ತು, "ಇದನ್ನ ಕಮ್ಮಿ ಮಾಡ್ಬೇಡಿ," ಎಂದು ದೊಡ್ಡದಾಗಿ ತುಟಿ ಆಡಿಸಿ ಹೇಳಿದೆ. ಅವರು ಹೂಂ ಎಂದು ತಲೆಯಾಡಿಸಿದರು. ಹನ್ನೆರಡು ದಿನ, ದಿನಕ್ಕೆ ಎರಡು ಗಂಟೆ, ಕಮ್ಮಿ ಮಾಡಲಿಲ್ಲ.

ಪಂದ್ಯದ ದಿನ ಜಡಿಮಳೆ. ಮಂಟಪದ ತುಂಬ ಒದ್ದೆ ಚಪ್ಪಲಿ, ಕಾಲೇಜು ಹುಡುಗರು. ನಾವೊಂದೇ ಸಂಸಾರಸ್ಥರ ತಂಡ. ಭಾವ ಮದುವೆ ಮನೆಗೆ ಹೊರಟವರಂತೆ ಇಸ್ತ್ರಿ ಮಾಡಿದ ಬಿಳಿ ಅಂಗಿ ಹಾಕಿಕೊಂಡು ಬಂದಿದ್ದರು. ಹುಡುಗರು, "ಅಂಕಲ್ ಬಂದ್ರು, ಗುರು!" ಎಂದು ಶಿಳ್ಳೆ ಹೊಡೆದರು. ಅವರು ಎಲ್ಲರಿಗೂ ಕೈಮುಗಿದರು. ವಧೂವರರು ಕೂರುವ ವೇದಿಕೆಯ ಮೇಲೆ ದೊಡ್ಡ ಪರದೆ, ಎರಡು ಕಡೆ ಸ್ಪೀಕರು. ಮೈಕ್ ಹಿಡಿದ ಒಬ್ಬ ಹುಡುಗ ಆಟವನ್ನು ಬಾಯಲ್ಲಿ ಹೇಳುತ್ತಿದ್ದ.

ಎರಡು ಸುತ್ತು ಹೇಗೋ ದಾಟಿದೆವು. ಕೊನೆಯ ಸುತ್ತಿನಲ್ಲಿ ರವಿ ಸತ್ತ, ಗೌರಿ ಸತ್ತಳು. ಉಳಿದದ್ದು ನಾನು ಮತ್ತು, ಹೇಗೋ, ಭಾವ. ಎದುರಿಗೆ ಒಂದೇ ತಂಡ, ಅದರಲ್ಲೂ ಒಬ್ಬನೇ. ನನಗೆ ಗುಂಡು ತಗುಲಿತ್ತು. ಒಂದು ಪಾಳು ಗೋಡೆಯ ಹಿಂದೆ ಕೂತು ಔಷಧಿ ಹಚ್ಚಿಕೊಳ್ಳುತ್ತಿದ್ದೆ. ಭಾವ ನನ್ನ ಕಾವಲಿಗೆ ನಿಂತಿದ್ದರು. ಆಟ ಶುರುವಾದಾಗಿನಿಂದ ಮೊದಲ ಬಾರಿ ಯಾರ ಅಂಗಿಯನ್ನೂ ನೋಡದೆ, ಬಂದೂಕು ಹಿಡಿದು, ನೆಟ್ಟಗೆ ನಿಂತಿದ್ದರು. ಆ ಹೊತ್ತಿನಲ್ಲಿ ಸ್ಪೀಕರಿನಿಂದ ಹೆಜ್ಜೆ ಸದ್ದು ಬಂತು. ಸರಸರ, ಸರಸರ. ಮಂಟಪಕ್ಕೆ ಮಂಟಪವೇ ಕೇಳಿಸಿಕೊಂಡಿತು. "ಅಂಕಲ್ ಹಿಂದೆ! ಹಿಂದೆ!" ಎಂದು ಎಲ್ಲರೂ ನಿಂತು ಕೂಗಿದರು. ನಾನೂ ಕೂಗಿದೆ. ಭಾವ ಎದುರಿನ ಬಯಲನ್ನೇ ನೋಡುತ್ತಾ ನಿಂತಿದ್ದರು. ಅವನು ಬಂದು, ಅವಸರವಿಲ್ಲದೆ, ಮೊದಲು ಅವರನ್ನು ಹೊಡೆದ, ಆಮೇಲೆ ನನ್ನನ್ನು.

ಮೈಕಿನ ಹುಡುಗ ನಗುತ್ತಾ ನನ್ನ ಮೇಜಿಗೆ ಬಂದ. "ಏನಕ್ಕಾ, ಗೆದ್ದಿದ್ದ ಮ್ಯಾಚು! ಏನಾಯ್ತು?"

ಕುಣಿಯಲಾರದವಳು ನೆಲ ಡೊಂಕು ಎಂದಳಂತೆ. ನಾನು ನೆಲವನ್ನೇ ಬಯ್ದಿದ್ದರೂ ಆಗುತ್ತಿತ್ತು. ಮೈಕ್ ಕಸಿದುಕೊಂಡೆ. "ನಮ್ ಭಾವಂಗೆ ಕಿವಿ ಕೇಳಲ್ಲ ಕಣಪ್ಪಾ. ಕಿವುಡರನ್ನ ಕಟ್ಕೊಂಡು ಯುದ್ಧಕ್ಕೆ ಬಂದೆನಲ್ಲ, ನನ್ ಕೆರದಲ್ಲಿ ನಾನೇ ಹೊಡ್ಕೋಬೇಕು."

ಮಂಟಪ ಗೊಳ್ಳೆಂದಿತು. ಆಚೆ ಮೇಜಿನಲ್ಲಿ ಭಾವ ಇಯರ್‌ಫೋನ್ ತೆಗೆದು ಸುತ್ತ ನೋಡಿದರು. ಎಲ್ಲರೂ ನಗುತ್ತಿದ್ದರು, ತಮ್ಮ ಕಡೆಗೇ ನೋಡಿ ನಗುತ್ತಿದ್ದರು. ಒಂದು ಕ್ಷಣ ತಡೆದು ಅವರೂ ನಕ್ಕರು. ಕೈ ಕೂಡ ಎತ್ತಿದರು. ಗೌರಿ ಎದ್ದು ಹೊರಗೆ ಹೋದಳು, ಮಳೆಯಲ್ಲೇ.

ಯಾರೋ ಅದನ್ನು ವಿಡಿಯೋ ಮಾಡಿದ್ದರು. ಸಂಜೆಗೆ ಬೀದಿಯ ಎಲ್ಲ ಫೋನಿನಲ್ಲೂ ಅದೇ. ಮಾರನೇ ದಿನ ಬೆಳಗ್ಗೆ ನಾನು ಅಡುಗೆಮನೆಯಲ್ಲಿ ಉಪ್ಪಿಟ್ಟಿಗೆ ಈರುಳ್ಳಿ ಹೆಚ್ಚುತ್ತಿದ್ದೆ. ಹಜಾರದಲ್ಲಿ ಭಾವ ಅತ್ತೆಯ ಮುಂದೆ ಫೋನ್ ಹಿಡಿದು, "ಅಮ್ಮ, ಪದ್ಮ ಏನಂತಾಳೆ ಇದ್ರಲ್ಲಿ? ಎಲ್ರೂ ನಗ್ತಾವ್ರೆ," ಎಂದರು. ಅತ್ತೆ ಕೇಳಿದರು. "ಏನೂ ಇಲ್ಲ ಬಿಡೋ," ಎಂದರು. "ಹೇಳಮ್ಮಾ," ಎಂದರು ಭಾವ. ಅತ್ತೆ ತಲೆ ತಗ್ಗಿಸಿ ಮೆಲ್ಲಗೆ ಹೇಳಿದರು. ಅವರಿಗೆ ಕೇಳಲಿಲ್ಲ. ಇನ್ನೊಂದು ಸಲ ಹೇಳಿದರು. ಕೇಳಲಿಲ್ಲ. ಹಾಗೆ ನನ್ನ ಮಾತನ್ನು, ಒಂದೊಂದೇ ಪದವಾಗಿ, ಮಗನ ಕಿವಿಗೆ ಬಾಯಿಟ್ಟು, ಬೀದಿಗೆಲ್ಲ ಕೇಳುವ ಹಾಗೆ ಅತ್ತೆ ಕೂಗಿ ಹೇಳಬೇಕಾಯಿತು. ಹೇಳಿ ಮುಗಿಸಿ ಸೆರಗು ಬಾಯಿಗೆ ತುರುಕಿಕೊಂಡು ಅತ್ತರು. ನಾನು ಈರುಳ್ಳಿ ಹೆಚ್ಚುತ್ತಲೇ ಇದ್ದೆ. ಹೆಚ್ಚಿ ಮುಗಿದರೂ ಬರೀ ಮಣೆಯ ಮೇಲೆ ಕತ್ತಿ ಆಡಿಸುತ್ತಿದ್ದೆ.

ಭಾವ ಬೈಯಲಿಲ್ಲ. ಬೈದಿದ್ದರೆ ನಾನೂ ನಾಲ್ಕು ಆಡಿ ಹಗುರವಾಗುತ್ತಿದ್ದೆ. ಗೋಡೆಯ ಮೇಲಿದ್ದ ತಮ್ಮ ಹೆಸರನ್ನು ಒದ್ದೆ ಬಟ್ಟೆಯಲ್ಲಿ ಒರೆಸಿ ಮಗ್ಗ ಶುರುಮಾಡಿದರು. ಅಂದಿನಿಂದ ಕಂಡಿಕೆ ಬೇಕಾದರೆ ನನ್ನತ್ತ ಅಂಗೈ ತಿರುವಲಿಲ್ಲ, ತಾವೇ ಬಂದು ಡಬ್ಬದಿಂದ ತೆಗೆದುಕೊಂಡರು. ಕರೆಯಲೇಬೇಕಾಗಿ ಬಂದಾಗ ನೀವು, ತಾವು ಎಂದರು, ಬಾಡಿಗೆಗೆ ಬಂದವರನ್ನು ಕರೆಯುವ ಹಾಗೆ. ರವಿ ಅವರನ್ನು ಕಿವಿ ಡಾಕ್ಟರ ಹತ್ತಿರ ಕರೆದುಕೊಂಡು ಹೋಗಿ ಬಂದ. "ಮಗ್ಗದ ಸದ್ದಿಗೆ ಮುಕ್ಕಾಲು ಹೋಗಿತ್ತಂತೆ. ಇತ್ತೀಚೆಗೆ ಇಯರ್‌ಫೋನ್ ಜೋರಾಗಿ ಹಾಕ್ತಿದ್ರಾ ಅಂತ ಕೇಳಿದ್ರು. ಉಳಿದಿದ್ದೂ ಕೆಟ್ಟೋಗೈತಂತೆ," ಎಂದ. ನನ್ನ ಮುಖ ನೋಡಲಿಲ್ಲ. ಆ ದೀಪಾವಳಿಗೆ ಮೊದಲೇ ಅವನು ನೆಲಮಂಗಲದ ಒಂದು ಗೋಡೌನಿನಲ್ಲಿ ಕೆಲಸ ಹಿಡಿದ. ನಾವು ಬೇರೆ ಹೋದೆವು.

ಆಟ ಬಿಟ್ಟೆನೇ? ಇಲ್ಲ. ಕೆಟ್ಟ ಬುದ್ಧಿ ಅಷ್ಟು ಸುಲಭಕ್ಕೆ ಬಿಡುತ್ತದೆಯೇ? ಗುರುತು ಪರಿಚಯ ಇಲ್ಲದ ಮೂವರ ಜೊತೆ ಆಡುತ್ತೇನೆ. ಅವರು ನನ್ನನ್ನು ಬೈಯುತ್ತಾರೆ, ನಾನು ಅವರನ್ನು ಬೈಯುತ್ತೇನೆ. ವಜ್ರ ದಾಟಿ ಇನ್ನೂ ಎರಡು ಮೆಟ್ಟಿಲು ಮೇಲೆ ಹೋಗಿದ್ದೇನೆ. ಒಂದು ಆಟ ಮುಗಿದ ಮೇಲೆ ಹಲ್ಲು ಕಚ್ಚಿ ಕಚ್ಚಿ ದವಡೆ ನೋಯುತ್ತದೆ. ಈ ಮೂರು ವರ್ಷದಲ್ಲಿ ಆಡುತ್ತಾ ಒಂದು ದಿನವಾದರೂ ನಕ್ಕ ನೆನಪಿಲ್ಲ.

ಹೋದ ವಾರ ಇದೆಲ್ಲ ತಲೆಯಲ್ಲಿ ತಿರುಗುತ್ತಾ ಶೆಡ್ಡಿನ ಬಾಗಿಲಿಗೆ ಹೋದೆ. ಒಳಗೆ ನಗು. ಅದೇ ಚಾಪೆ. ಅದರ ಮೇಲೆ ಭಾವ, ಗೌರಿ, ಗೌರಿಯ ತಂಗಿ, ನಾಲ್ಕನೆಯವರು ನಮ್ಮತ್ತೆ! ಎಪ್ಪತ್ತೆರಡರ ಮುದುಕಿ ಕನ್ನಡಕ ಮೂಗಿನ ತುದಿಗಿಟ್ಟುಕೊಂಡು ಆ ದ್ವೀಪದಲ್ಲಿ ಜೀಪು ಓಡಿಸುತ್ತಿದ್ದರು.

"ಬನ್ನಿ ಅಕ್ಕಾ, ಬನ್ನಿ. ನಿಮ್ಮತ್ತೆ ಯಾರ್ನೂ ಹೊಡೆಯಲ್ಲ, ಬರೀ ಜೀಪು ಓಡಿಸ್ತಾರೆ," ಎಂದಳು ಗೌರಿ, ನನ್ನ ಜಾಗದಲ್ಲಿ ಅತ್ತೆ ಕೂತದ್ದಕ್ಕೆ ಕಾರಣ ಕೊಡುವವಳಂತೆ. "ದಿನಾ ನಾವೇ ಲಾಸ್ಟು."

ಭಾವನ ಕಿವಿಯ ಹಿಂದೆ ಕಂದು ಬಣ್ಣದ ಸಣ್ಣ ಮೆಷಿನ್ ಇತ್ತು. ಮಗ್ಗ ಓಡುವಾಗ ಅದನ್ನು ತೆಗೆದಿಡುತ್ತಾರೆ, ಸದ್ದಿಗೆ ತಲೆ ಸಿಡಿಯುತ್ತದೆ, ಮಗ್ಗ ನಿಂತಾಗ ಹಾಕಿಕೊಳ್ಳುತ್ತಾರೆ ಎಂದು ಅತ್ತೆ ಹೇಳಿದರು. ಈಗ ಮಗ್ಗ ನಿಂತಿತ್ತು. ಭಾವ ನನ್ನನ್ನು ನೋಡಿದರು. ಮುಖದಲ್ಲಿ ಸಿಟ್ಟಿರಲಿಲ್ಲ.

ಬಸ್ಸಿನಲ್ಲಿ ಕೂತು ಮಾತು ಜೋಡಿಸಿಕೊಂಡು ಬಂದಿದ್ದೆ. ಬೀಳುವ ಹಾಗೆ ನೆಲಕ್ಕೆ ಕೂತೆ. "ಭಾವ, ನಿಮ್ಗೊಂದು ಮಾತು ಹೇಳ್ಬೇಕು," ಎಂದೆ.

ಅವರು ಕೈ ಎತ್ತಿ ಕಿವಿಯ ಹಿಂದಿ‌ನ ಮೆಷಿನ್ ಬಿಡಿಸಿದರು. ನೂಲಿನ ಎಳೆ ಹಿಡಿಯುವಷ್ಟು ಹುಷಾರಾಗಿ ಅದನ್ನು ಅಂಗಿಯ ಜೇಬಿಗೆ ಹಾಕಿದರು. ತುಟಿ ನೋಡಿ ಮಾತು ಹಿಡಿಯುವವರಲ್ಲವೇ, ಅದಕ್ಕೇ ಕಣ್ಣನ್ನೂ ಫೋನಿಗೆ ಇಳಿಸಿದರು.

ನಾನು ನಿಲ್ಲಿಸಬೇಕಿತ್ತು. ಆಗಲಿಲ್ಲ. ಡಬ್ಬ ಬೀಳಿಸಿದ್ದು, ಗೊತ್ತಿದ್ದೂ ಸುಮ್ಮನಿದ್ದದ್ದು, ಸೌಂಡ್ ಎಳೆದಿದ್ದು, ಮೈಕು, ಎಲ್ಲವನ್ನೂ ಅಳುತ್ತಾ ಹೇಳಿದೆ. ತಪ್ಪಾಯ್ತು ಎಂದು ಎಷ್ಟು ಸಲ ಅಂದೆನೋ. ಮಗ್ಗದ ಬೀದಿಯ ಗಂಟಲು, ಹೊರಗಿನವರಿಗೂ ಕೇಳಿಸಿರಬೇಕು. ಗೌರಿ ಕೇಳಿಸಿಕೊಂಡಳು. ಡಬ್ಬದ ವಿಷಯ ಅತ್ತೆಗೆ ಅವತ್ತೇ ತಿಳಿದದ್ದು, ಅವರ ಬೆರಳು ಜೀಪು ತಿರುಗಿಸುವುದನ್ನೇ ಮರೆಯಿತು. ಯಾರಿಗೆ ಹೇಳಬೇಕಿತ್ತೋ ಅವರು ಫೋನಿನಲ್ಲಿ ಯಾರದೋ ಅಂಗಿಯ ಬುಟ್ಟಾ ನೋಡುತ್ತಿದ್ದರು.

ನನ್ನ ಬಾಯಿ ನಿಂತದ್ದು ಗೌರಿಯ ಮುಖ ನೋಡಿ ಅವರಿಗೆ ತಿಳಿಯಿತು. ಮೆಷಿನ್ ತೆಗೆದು ಮತ್ತೆ ಕಿವಿಗೆ ಹಾಕಿಕೊಂಡರು. "ಬಿಸ್ಲಲ್ಲಿ ಬಂದಿದೀರ. ಟೀ ಕುಡ್ಕೊಂಡು ಹೋಗಿ," ಎಂದು ಗೌರಿಯ ಕಡೆ ತಿರುಗಿ ಎರಡು ಬೆರಳು ತುಟಿಗಿಟ್ಟರು.

ಅಷ್ಟರಲ್ಲಿ ಅತ್ತೆ, ಕಣ್ಣೊರೆಸಿಕೊಳ್ಳುತ್ತಲೇ, "ಅಯ್ಯೋ ನಾಗರಾಜ, ಜೀಪು ನೀರಿಗೆ ಬಿತ್ತಲ್ಲೋ!" ಎಂದರು. ಭಾವ ನಕ್ಕರು. ಎಲ್ಲರಿಗಿಂತ ಮೊದಲು ನಕ್ಕರು. ಬಲ್ಬು ಮಿಣುಕ್ ಎಂದಿತು. ನಾಲ್ಕೂ ಫೋನು ತಾವಾಗಿಯೇ ಗೂಡು ಸೇರಿದವು, ಭಾವ ಮೆಷಿನನ್ನು ಜೇಬಿಗೆ ಹಾಕಿ ಮಗ್ಗದ ಹಿಡಿ ಎಳೆದರು. ಮನೆಯವರದ್ದೆಲ್ಲ ಸ್ಟೀಲಿನ ಲೋಟ. ನನಗೆ ಟೀ ಬಂದದ್ದು ಸೀರೆ ವ್ಯಾಪಾರಿಗಳು ಬಂದಾಗ ತೆಗೆಯುವ ಪಿಂಗಾಣಿ ಕಪ್ಪಿನಲ್ಲಿ.